ಅತ್ತಿಗೆ ಅಂಗೈ ಇಟ್ಟ ನಡಾವಳಿ ಪುಸ್ತಕ

ಪ್ರಿಯ ಗೆಳೆಯಾ,

ಹೋದ ಸಲ ಊರಿಗೆ ಬಂದಾಗ ನೀನು, "ಪಂಚಾಯಿತಿಯಲ್ಲಿ ಏನು ಬದಲಾಗಿದೆ? ದೊಡ್ಡಮನೆಯವರು ಹೇಳಿದ್ದೇ ನಡೆಯುತ್ತದೆ" ಎಂದು ಬಸ್ ಹತ್ತಿಬಿಟ್ಟೆ. ಆಗ ಕೊಡಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಕಳೆದ ಗ್ರಾಮಸಭೆಗೆ ಮನೆ ಮಂಜೂರಾತಿಯ ಫಲಾನುಭವಿಗಳ ಪಟ್ಟಿ ಬಂದಿತ್ತು. "ಎಲ್ಲ ಸಿದ್ಧವಾಗಿದೆ, ಸಹಿ ಹಾಕಿ" ಎಂದು ನಡಾವಳಿ ಪುಸ್ತಕವನ್ನು ಮುಂದಿಟ್ಟರು. ಮಹಿಳಾ ಮೀಸಲು ಸ್ಥಾನದಿಂದ ಗೆದ್ದಿರುವ ನಮ್ಮ ಅತ್ತಿಗೆ ಪುಸ್ತಕದ ಮೇಲೆ ಅಂಗೈ ಇಟ್ಟು, "ಒಂದೊಂದು ಹೆಸರನ್ನೂ ಓದಿ, ಆಮೇಲೆ ಸಹಿ" ಎಂದರು. ಓದಲೇಬೇಕಾಯಿತು. ಆಗಲೇ ತಾರಸಿ ಮನೆಯಿರುವ ಇಬ್ಬರ ಹೆಸರು ಹೊರಬಿತ್ತು. ಜನರೆದುರೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಗೋಡೆ ಕುಸಿದ ಮನೆಯಲ್ಲಿರುವ ಒಬ್ಬ ಅಜ್ಜಿಯ ಹೆಸರು ಸೇರಿತು. ಮೊದಲ ವರ್ಷ ಅತ್ತಿಗೆಯ ಬದಲು ಅಣ್ಣನೇ ಸಭೆಯಲ್ಲಿ ಕೂರುತ್ತಿದ್ದದ್ದು ನಿನಗೂ ಗೊತ್ತು.

ಆ ಅಂಗೈಗೆ ಬಲ ಬಂದದ್ದು ಸಂವಿಧಾನದ 73ನೇ ತಿದ್ದುಪಡಿಯಿಂದ. ಪಂಚಾಯಿತಿಗಳನ್ನು ಕಟ್ಟಬೇಕೆಂದು 40ನೇ ವಿಧಿ ಮೊದಲೇ ನಿರ್ದೇಶಿಸಿತ್ತು, ಆದರೆ ಸರ್ಕಾರಕ್ಕೆ ಮನಸ್ಸಿದ್ದರೆ ಚುನಾವಣೆ, ಇಲ್ಲದಿದ್ದರೆ ಆಡಳಿತಾಧಿಕಾರಿ. 1993ರ ಏಪ್ರಿಲ್ 24ರಿಂದ ಗ್ರಾಮಸಭೆ, ಐದು ವರ್ಷದ ಅವಧಿ, ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಮೀಸಲು, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಸ್ಥಾನ, ಎಲ್ಲಕ್ಕೂ ಸಂವಿಧಾನದ ಕಾವಲು ಸಿಕ್ಕಿತು. ನಮ್ಮ ರಾಜ್ಯ ಅದಕ್ಕೂ ಮುಂಚೆಯೇ ಹೆಜ್ಜೆ ಇಟ್ಟಿತ್ತು ಎಂಬುದು ನನಗೆ ಹೆಮ್ಮೆ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕಾಲದಲ್ಲಿ, ಕೆಲವು ಹಳ್ಳಿಗಳನ್ನು ಸೇರಿಸಿ ಕಟ್ಟಿದ ಮಂಡಲ ಪಂಚಾಯಿತಿಗಳಲ್ಲಿ 1987ರಲ್ಲೇ ಕಾಲು ಭಾಗ ಸ್ಥಾನ ಮಹಿಳೆಯರಿಗಿತ್ತು. ಈಗ ಅರ್ಧ.

ನಿನ್ನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಪಂಚಾಯಿತಿಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಾದ ಸಂವಿಧಾನದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣ, ಸಣ್ಣ ನೀರಾವರಿ ಎಲ್ಲ ಸೇರಿವೆ. ಆದರೆ ಎಷ್ಟು ಅಧಿಕಾರ ಬಿಟ್ಟುಕೊಡಬೇಕೆಂಬುದನ್ನು 243ಜಿ ವಿಧಿ ರಾಜ್ಯಗಳಿಗೇ ಬಿಟ್ಟಿದೆ. ಅಲ್ಲಿರುವುದು "ಕೊಡಬಹುದು" ಎಂಬ ಮಾತು. ಹಾಗಾಗಿ ಜವಾಬ್ದಾರಿ ಊರಿಗೆ ಬಂತು, ಹಣದ ಕೀಲಿಕೈ ಮೇಲೆಯೇ ಉಳಿಯಿತು. ಇನ್ನು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅವಧಿ ಮುಗಿಯುವ ಮೊದಲೇ ನಡೆಸಬೇಕೆಂದು ಸಂವಿಧಾನ ಹೇಳುತ್ತದೆ! ನನಗೆ ಸಿಟ್ಟು ಬರುವುದು ಇಲ್ಲಿಯೇ.

ಮುಂದಿನ ಗ್ರಾಮಸಭೆಯ ತಾರೀಖು ತಿಳಿದ ಕೂಡಲೇ ಫೋನ್ ಮಾಡುತ್ತೇನೆ. ನಿನ್ನ ಹೆಸರು ಇನ್ನೂ ಇಲ್ಲಿನ ಮತದಾರರ ಪಟ್ಟಿಯಲ್ಲಿದೆ, ಖಂಡಿತ ಬಾ. ಕೆರೆ ಏರಿ ಕೆಲಸದ ಬಿಲ್ಲುಗಳನ್ನು ಓದಿಸಬೇಕಿದೆ. ಲೆಕ್ಕ ಬಲ್ಲ ನೀನು ಪಕ್ಕದಲ್ಲಿದ್ದರೆ ಅತ್ತಿಗೆಗೆ ಧೈರ್ಯ.

ಇಂತಿ,
ನಿನ್ನ ಗೆಳೆಯ