ಅಪ್ಪಂದಿರಿಗೂ ಒಂದು ತರಗತಿ ಬೇಕು

ಮಾನ್ಯರೆ,

ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬಕ್ಕೆ, ನಮ್ಮ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಚರ್ಚಿನಿಂದ ತಂದ ಹೊಸ ತೆನೆಯ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ನಮ್ಮನೆಯಲ್ಲಿ ಹಂಚುತ್ತಿದ್ದದ್ದು ಅಮ್ಮ. ಅಪ್ಪ ಗಲ್ಫ್‌ನಲ್ಲಿದ್ದರು. ವರ್ಷಕ್ಕೊಮ್ಮೆ ಬಂದಾಗ ಅವರು ನೆಂಟರ ಹಾಗೆ ಕಾಣುತ್ತಿದ್ದರು, ಪಾಪ. ಎರಡನೇ ವಾರದಲ್ಲಿ ಸಲಿಗೆ ಬೆಳೆಯುವಷ್ಟರಲ್ಲಿ ಹೊರಡುವ ದಿನ ಬಂದುಬಿಡುತ್ತಿತ್ತು.

ನಾನು ಊರಲ್ಲೇ ಇದ್ದೇನೆ. ಆದರೂ ಕಳೆದ ತಿಂಗಳು ಸಂಜೆಯ ಜಪಸರದ ಪ್ರಾರ್ಥನೆಯ ಹೊತ್ತಿಗೆ ಮಗಳು ‘ಪಪ್ಪಾ, ಮೊಬೈಲ್ ಇಡಿ’ ಅಂದಾಗ ಸುಮ್ನೆ ಗದರಿಬಿಟ್ಟೆ, ಆಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಕ್ಕಳನ್ನು ಕೆರಳಿಸಬೇಡಿ ಎಂದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದಲ್ಲಿ ತಂದೆಯರಿಗೇ ಹೇಳಿದೆ, ಅಲ್ವಾ? ಮಕ್ಕಳು ತಂದೆತಾಯಿಗೆ ವಿಧೇಯರಾಗಿರಬೇಕು ಎಂದು ಅದಕ್ಕೂ ಮೊದಲು ಬರುವ ಮಾತನ್ನಷ್ಟೇ ನಾವು ಜಾಸ್ತಿ ಹೇಳುತ್ತೇವೆ. ಬೆಳಿಗ್ಗೆ ಮಗಳ ಹತ್ತಿರ ಕ್ಷಮೆ ಕೇಳಿದೆ. ನನ್ನ ಅಪ್ಪ ಅಲ್ಲೇ ಕೂತು ನೋಡುತ್ತಿದ್ದರು. ಏನೂ ಹೇಳಲಿಲ್ಲ, ಕಣ್ಣು ಒರೆಸಿಕೊಂಡರು.

2020ರ ಡಿಸೆಂಬರ್ 8ರಂದು ಪೋಪ್ ಫ್ರಾನ್ಸಿಸ್ ಯೇಸುವಿನ ಸಾಕುತಂದೆ ಸಂತ ಜೋಸೆಫರ ವರ್ಷ ಘೋಷಿಸಿದ್ದರು. ಬೈಬಲಿನ ಸುವಾರ್ತೆಗಳಲ್ಲಿ ಜೋಸೆಫರ ಒಂದು ಮಾತೂ ದಾಖಲಾಗಿಲ್ಲ. ಆದರೆ ಮಗುವನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟವರು ಅವರೇ.

ಮದುವೆಗೆ ಮುಂಚೆ ಚರ್ಚುಗಳಲ್ಲಿ ಜೋಡಿಗಳಿಗೆ ತರಬೇತಿ ಇದೆ. ಮಕ್ಕಳಾದ ಮೇಲೆ ಅಪ್ಪಂದಿರನ್ನೂ ಹೀಗೇ ಕರೆದು ಕೂರಿಸಿ ಮಾತಾಡಿಸಿ ಎಂದು ಧರ್ಮಗುರುಗಳಲ್ಲಿ ನನ್ನ ವಿನಂತಿ. ನಾನಂತೂ ಬರುತ್ತೇನೆ.

– ಒಬ್ಬ ಓದುಗ, ಮಂಗಳೂರು