ಕನ್ನಡ ಕಾದಂಬರಿಯನ್ನು ಕನ್ನಡದಲ್ಲೇ ಓದಿ ತೀರ್ಪು ಕೊಡಿ

ಮಾನ್ಯ ಸಂಪಾದಕರೇ,

ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದ ಮೇಲೆ, ದೇಶಭಾಷೆಗಳ ಕಾದಂಬರಿಗೂ ನಮ್ಮಲ್ಲೇ ಒಂದು ದೊಡ್ಡ ಪ್ರಶಸ್ತಿ ಇರಲಿ ಎಂಬ ಮಾತು ಬೆಂಗಳೂರಿನ ಸಭೆಗಳಲ್ಲಿ ಕೇಳಿಬರುತ್ತಿದೆ. ಇರಲಿ, ಸಂತೋಷ. ಆದರೆ ಮೊತ್ತ ಎಷ್ಟು ಎನ್ನುವ ಮೊದಲು, ತೀರ್ಪುಗಾರರು ಪುಸ್ತಕವನ್ನು ಯಾವ ಭಾಷೆಯಲ್ಲಿ ಓದುತ್ತಾರೆ ಎಂಬುದು ಇತ್ಯರ್ಥವಾಗಲಿ.

ಭಾರತೀಯ ಕಾದಂಬರಿಗೆ 2024ರವರೆಗೆ ಕೊಡುತ್ತಿದ್ದ ಜೆಸಿಬಿ ಸಾಹಿತ್ಯ ಪ್ರಶಸ್ತಿಯನ್ನೇ ನೋಡಿ. ಲೇಖಕರಿಗೆ 25 ಲಕ್ಷ ರೂಪಾಯಿ ಸಿಗುತ್ತಿತ್ತು. ಅನುವಾದವಾದರೆ ಅನುವಾದಕರಿಗೂ 10 ಲಕ್ಷ. 2018ರಿಂದ 2024ರವರೆಗಿನ ಏಳು ಪ್ರಶಸ್ತಿಗಳಲ್ಲಿ ಐದು ಅನುವಾದಗಳಿಗೇ ಹೋದವು. ಮಲಯಾಳಕ್ಕೆ ಮೂರು, ಉರ್ದುವಿಗೊಂದು, ತಮಿಳಿಗೊಂದು. ಕನ್ನಡಕ್ಕೆ ಸೊನ್ನೆ. ಹಾಗಾದರೆ ನಮ್ಮ ಕಾದಂಬರಿಕಾರರು ಕಳಪೆಯೇ? ಅಲ್ಲಿ ಇಂಗ್ಲಿಷಿನಲ್ಲಿದ್ದ ಪುಸ್ತಕಕ್ಕಷ್ಟೇ ಪ್ರವೇಶವಿತ್ತು. ಒಳ್ಳೆಯ ಅನುವಾದಕರೂ ಅದನ್ನು ಅಚ್ಚುಮಾಡುವ ದೊಡ್ಡ ಪ್ರಕಾಶಕರೂ ಸಿಗದ ಕೃತಿ ಹೊಸ್ತಿಲು ದಾಟುತ್ತಲೇ ಇರಲಿಲ್ಲ. ಮಲಯಾಳಿಗಳು ಆ ಏರ್ಪಾಟು ಚೆನ್ನಾಗಿ ಮಾಡಿಕೊಂಡಿದ್ದಾರೆ, ಹೊಟ್ಟೆಕಿಚ್ಚುಪಟ್ಟು ಫಲವಿಲ್ಲ.

ದೇವನೂರ ಮಹಾದೇವ ಅವರ ಕಾದಂಬರಿ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಕನ್ನಡಿಗರೇ ಒಂದೆರಡು ಸಲ ಓದಿದ ಮೇಲೆ ಅದು ಕೈಗೆ ಹತ್ತುತ್ತದೆ. ಆದರೂ 1990ರಲ್ಲೇ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಕನ್ನಡ ಪುಸ್ತಕವನ್ನು ಆರಿಸುವವರು ಕನ್ನಡ ಬಲ್ಲವರು. ಇಂಗ್ಲಿಷಿಗೆ ಬರಲೆಂದು ಕಾದಿದ್ದರೆ ಎಷ್ಟು ವರ್ಷ ಕಾಯಬೇಕಿತ್ತೋ! (ಅಕಾಡೆಮಿಯ ಕೆಲವು ಆಯ್ಕೆಗಳ ಬಗ್ಗೆ ನನಗೂ ತಕರಾರಿದೆ, ಆ ಮಾತು ಬೇರೆ.)

ಹೊಸ ಪ್ರಶಸ್ತಿ ಬರುವುದೇ ಆದರೆ, ಮೊದಲ ಸುತ್ತಿನಲ್ಲಿ ಆಯಾ ಭಾಷೆಯವರು ಮೂಲವನ್ನೇ ಓದಿ ಒಂದೊಂದು ಕಾದಂಬರಿ ಆರಿಸಲಿ. ಅದೇ ಏಕೆ ಎಂದು ಎರಡು ಪುಟ ಬರೆದು ಪ್ರಕಟಿಸಲಿ. ಅಂತಿಮ ಸುತ್ತಿಗೆ ಬೇಕಾದ ಅನುವಾದದ ಖರ್ಚನ್ನು ಪ್ರಶಸ್ತಿ ಕೊಡುವವರೇ ಹೊರಲಿ, ಲೇಖಕರ ತಲೆಗೆ ಕಟ್ಟಬೇಡಿ. ತುಳು, ಕೊಡವ, ಕೊಂಕಣಿ, ಬ್ಯಾರಿ ಕಾದಂಬರಿಗಳಿಗೂ ಇದೇ ಪಂಕ್ತಿಯಲ್ಲಿ ಎಲೆ ಹಾಕಿ. ಗೆದ್ದ ಕನ್ನಡ ಕೃತಿ ಇಂಗ್ಲಿಷಿನ ಹಂಗಿಲ್ಲದೆ ತೆಲುಗಿಗೋ ಮರಾಠಿಗೋ ನೇರವಾಗಿ ಹೋಗಲಿ; ಕನ್ನಡದ ಜೊತೆ ಆ ಭಾಷೆಗಳನ್ನೂ ಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ.

ಲೇಖಕರೇ ಅರ್ಜಿ ತುಂಬಿ, ನಾಲ್ಕೈದು ಪ್ರತಿ ಲಗತ್ತಿಸಿ ‘ನನಗೆ ಕೊಡಿ’ ಎನ್ನುವ ಪದ್ಧತಿಯಂತೂ ಬೇಡವೇ ಬೇಡ. ಸಂಕೋಚದವರು ಅರ್ಜಿ ಹಾಕುವುದಿಲ್ಲ. ಕೊನೆಗೆ ಹಾಕಿದವರಲ್ಲೇ ಒಬ್ಬರನ್ನು ಆರಿಸಬೇಕಾಗುತ್ತದೆ. ಪುಸ್ತಕ ಹುಡುಕುವುದು ಸಮಿತಿಯ ಕೆಲಸ. ಸದಸ್ಯರು ಗಾಂಧಿ ಬಜಾರಿನ ಅಂಗಡಿಗಳಿಗೆ ಹೋಗಿ ದುಡ್ಡು ಕೊಟ್ಟು ಕೊಂಡು ಓದಲಿ.

ಇಂತಿ,
ಒಬ್ಬ ಕಾದಂಬರಿ ಓದುಗ
ಹನುಮಂತನಗರ, ಬೆಂಗಳೂರು