ಹೂ ಬಿಡುವುದು ಬರುವ ವರ್ಷ, ಗುಂಡಾ

ಗುಂಡಾ,

ನಿನ್ನ ಮೆಸೇಜಿಗೆ ಉತ್ತರ ಕೊಡದೆ ಮೂರು ವಾರ ಆಯ್ತು. ಬೈಯಬೇಡ ಮಾರಾಯ. ಈಗ ಎಲ್ಲರೆದುರೇ ಬರೆಯುತ್ತಿದ್ದೇನೆ, ಮಾನ ಹೋಗುವುದಾದರೆ ಪೂರ್ತಿ ಹೋಗಲಿ. ಕೊಡೆ ಪ್ರಕರಣ ಮಾತ್ರ ಇಲ್ಲಿ ಎತ್ತಬೇಡ.

ಬರ್ಮಿಂಗ್‌ಹ್ಯಾಮ್‌ನ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಫಾಕ್ಸ್‌ಗ್ಲೋವ್ ಅರಳಿದೆ. ಎಳ್ಳಿನ ಹೂವನ್ನು ದೊಡ್ಡದು ಮಾಡಿ, ನೇರಳೆ ಬಣ್ಣ ಬಳಿದು, ನನ್ನೆತ್ತರದ ಕೋಲಿಗೆ ಸಾಲಾಗಿ ನೇತುಹಾಕಿದ ಹಾಗೆ. ದಪ್ಪ ಬಂಬಲ್‌ಬೀ ಒಂದು ಕೆಳಗಿನ ಹೂವಿನಿಂದ ಶುರು ಮಾಡಿ ಒಂದೊಂದಕ್ಕೇ ನುಗ್ಗುತ್ತ ಮೇಲೆ ಹೋಗುತ್ತದೆ. ಹೊರಗೆ ಕಾಣುವುದು ಅದರ ಅಂಡು ಮಾತ್ರ. ನಿನ್ನ ನೆನಪಾಯಿತು, ಯಾಕೆ ಅಂತ ಕೇಳಬೇಡ.

ಬೀಜ ಗಸಗಸೆಗಿಂತ ಸಣ್ಣ. ಮೊಳೆಯಲು ಬೆಳಕು ಬೇಕು, ಮಣ್ಣು ಮುಚ್ಚಬಾರದು. ಮೊದಲ ಸಲ ನಾನು ಅಡಿಕೆ ಗೋಟು ಹೂಳುವ ಹಾಗೆ ಹೂತಿದ್ದೆ. ಒಂದೂ ಏಳಲಿಲ್ಲ. ಅರೆನೆರಳು, ಎಲೆಗೊಬ್ಬರ, ನೀರು ನಿಲ್ಲದ ಜಾಗ ಸಾಕು. ಮೊದಲ ವರ್ಷ ಬರೀ ಸೊಪ್ಪು, ಹೊಗೆಸೊಪ್ಪಿನಂತೆ ರೋಮದ ಎಲೆ. ಹೂ ಬರುವುದು ಎರಡನೇ ವರ್ಷ. ಬೀಜ ಉದುರಿಸಿದ ಮೇಲೆ ಸಾಮಾನ್ಯವಾಗಿ ಗಿಡವೇ ಸಾಯುತ್ತದೆ.

ಬೇರಿನಿಂದ ಬೀಜದವರೆಗೆ ವಿಷ. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಇದೇ ಊರಲ್ಲಿದ್ದ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಇದರ ಮೇಲೆ ಪುಸ್ತಕ ಬರೆದ. ಶ್ರಾಪ್‌ಶೈರ್‌ನ ಅಜ್ಜಿಯೊಬ್ಬಳು ಮೈಯಲ್ಲಿ ನೀರು ತುಂಬಿದವರಿಗೆ ಕೊಡುತ್ತಿದ್ದ ಮದ್ದಿನಲ್ಲಿ ಇಪ್ಪತ್ತು ಚಿಲ್ಲರೆ ಸೊಪ್ಪುಗಳಿದ್ದವಂತೆ. ಕೆಲಸ ಮಾಡುವುದು ಇದೊಂದೇ ಅಂತ ಅವನು ಹಿಡಿದ. ನಮ್ಮ ನಾಟಿ ಮದ್ದಿನವರ ಹತ್ತಿರ ಅವನ ಆಟ ನಡೀತಿತ್ತಾ?

ಇದರ ಅಣ್ಣತಮ್ಮನಂಥ ಇನ್ನೊಂದು ಜಾತಿಯಿಂದ ಡಿಗಾಕ್ಸಿನ್ ಅನ್ನುವ ಹೃದಯದ ಮದ್ದು ತೆಗೆಯುತ್ತಾರೆ. ಅಪ್ಪನ ಗುಳಿಗೆ. ಅವನಿಗೆ ವಾರಕ್ಕೆ ಐದೇ ದಿನ, ಶನಿವಾರ ಭಾನುವಾರ ಇಲ್ಲ. 'ನಂಗೆ ಸಿಗದ ಸರ್ಕಾರಿ ನೌಕರಿ ಗುಳಿಗೆಗೆ ಸಿಕ್ಕಿತು' ಅಂತ ಅಪ್ಪ ನಗುತ್ತಾನೆ. ಸ್ವಲ್ಪ ಜಾಸ್ತಿಯಾದರೆ ವಾಂತಿ, ಕಣ್ಣಿಗೆ ಎಲ್ಲ ಹಳದಿ, ಎದೆಬಡಿತವೇ ತಾಳ ತಪ್ಪುತ್ತದೆ. ಅದಕ್ಕೇ ಆಯಿ ದಿನಾ ಬೆಳಿಗ್ಗೆ ಅವನ ಕೈ ಹಿಡಿದು, ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಾಳೆ. ಅರವತ್ತಕ್ಕಿಂತ ಕಡಿಮೆಯಾದರೆ ಗುಳಿಗೆ ಕೊಡದೆ ಡಾಕ್ಟರಿಗೆ ಫೋನ್ ಮಾಡಬೇಕು. ನಿನ್ನೆ ಐವತ್ತೆಂಟು. ಆಯಿ ಎರಡು ಸಲ ಎಣಿಸಿದಳಂತೆ. ನಾನು ಫೋನಲ್ಲಿ 'ಹೌದಾ' ಅಂದೆ.

ಆಗ ನನ್ನ ಕೈಯಲ್ಲಿ ಬೀಜದ ಟ್ರೇ ಇತ್ತು. ಈ ಜೂನ್‌ನಲ್ಲಿ ಬಿತ್ತಿದ್ದು. ಅದು ಹೂ ಬಿಡುವುದು ಬರುವ ಜೂನ್‌ಗೆ. ಆಯಿಗೆ ನಾನು ಹೇಳಿದ್ದು ಈ ಡಿಸೆಂಬರ್. 'ಅಡಿಕೆ ಕೊಯ್ಲಿಗೆ ಬಂದುಬಿಡ್ತೆ, ಪೂರ್ತಿ.' ಬಿತ್ತುವಾಗ ಲೆಕ್ಕ ಹಾಕಿರಲಿಲ್ಲ ಅಂದರೆ ಸುಳ್ಳು. ಹಾಕಿದ್ದೆ. ಈಗ ಅರಳಿರುವುದೂ ಹೋದ ವರ್ಷ ಹೀಗೇ ಮಾತು ಕೊಟ್ಟ ತಿಂಗಳಲ್ಲಿ ಬಿತ್ತಿದ್ದೇ. ನಿನಗೂ ಅದೇ ಹೇಳಿದ್ದೆನಲ್ಲ, ನೀನು ನಂಬಿದವನ ಹಾಗೆ ತಲೆ ಆಡಿಸಿದ್ದೆ.

ಇರಲಿ ಬಿಡು. ಪಕ್ಕದ ಮನೆ ಬೆಕ್ಕು ನಿನ್ನೆ ರಾತ್ರಿ ಟ್ರೇ ಮೇಲೆ ಮಲಗಿ ಅರ್ಧ ಮೊಳಕೆ ಚಪ್ಪಟೆ ಮಾಡಿದೆ. ಉಳಿದರ್ಧವನ್ನೂ ಅದೇ ನೋಡಿಕೊಂಡರೆ ಇಡೀ ಪತ್ರ ದಂಡ, ನಾನು ಬಚಾವು.

ಆಯಿ ನಿನ್ನ ಅಂಗಡಿಗೆ ಬಂದರೆ ಇದನ್ನು ಓದಿ ಹೇಳಬೇಡ. ಹೂವಿನ ಫೋಟೋ ತೋರಿಸು ಸಾಕು. ಕೊಡೆ ನಿನ್ನ ಹತ್ತಿರವೇ ಇರಲಿ.

ಇಂತಿ,
ಅರ್ಧ ಟಿಕೆಟ್